ತೆಲುಗು ಕಪಾಟಿಗೆ ಸೇರಿಸಿದ ಪುಸ್ತಕ

ಗಿರಿಜಕ್ಕ, ಆ ಪುಸ್ತಕ ನಿಮ್ಮ ಕೈಯಿಂದ ಕಳೆದುಹೋಗಲಿಲ್ಲ. ಬಚ್ಚಿಟ್ಟವಳು ನಾನು.

ಆಂಧ್ರದ ಗಡಿಯ ರಾಯದುರ್ಗದ ಆ ಪುಟ್ಟ ಗ್ರಂಥಾಲಯಕ್ಕೆ ಪದವಿ ಹಿಡಿದು ಗ್ರಂಥಪಾಲಕಿಯಾಗಿ ಬಂದವಳು ನಾನು. ಕಸ ಗುಡಿಸಿ, ಕಪಾಟು ಒರೆಸುವ ಕೆಲಸ ನಿಮ್ಮದು. ಆದರೆ ಭಾನುವಾರ ಹೈಸ್ಕೂಲಿನ ಮಕ್ಕಳು ಕೂರುತ್ತಿದ್ದುದು ನಿಮ್ಮ ಸುತ್ತ. ರುವಾಂಡಾದ ನರಮೇಧದಲ್ಲಿ ಬದುಕುಳಿದವರ ಮಾತುಗಳ ಕನ್ನಡ ಪುಸ್ತಕವನ್ನು ನೀವು ಓದುತ್ತಿದ್ದಿರಿ — ಎಡವುತ್ತ, ಉಚ್ಚಾರ ತಪ್ಪುತ್ತ. ಕೊನೆಯ ಪುಟಗಳಲ್ಲಿ ಸತ್ತವರ ಹೆಸರು, ವಯಸ್ಸು. ಮಕ್ಕಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಡುತ್ತಿದ್ದಿರಿ. ವಾರವಿಡೀ ನೆನಪಿಟ್ಟುಕೊಂಡು, ಮುಂದಿನ ಭಾನುವಾರ ಎದ್ದು ನಿಂತು ಹೇಳಬೇಕು.

"ಅಕ್ಕಾ, ನನ್ನ ಪಾಲಿಗೆ ಬಂದಾಕಿ ಏಳು ವರ್ಷದಾಕಿರಿ. ನಮ್ಮ ತಂಗಿಕಿಂತ ಸಣ್ಣಾಕಿ," ಎಂದಳು ಕಣೇಕಲ್ಲಿನ ಹುಡುಗಿ. ನಾನು ಹತ್ತಿರ ಹೋದೆ.

"ಏ, ಮೇಡಂ ಬಂದ್ರು, ಸುಮ್ಕಿರ್ರಿ!" ಎಂದ ಒಬ್ಬ ಹುಡುಗ.

ನೀವು ಅಕ್ಕ, ನಾನು ಮೇಡಂ. ಎಂ.ಎ.ಯಲ್ಲಿ ಅದೇ ನರಮೇಧದ ಮೇಲೆ ಪ್ರಬಂಧ ಬರೆದಿದ್ದವಳು ನಾನು — ಒಂದು ಹೆಸರೂ ನನಗೆ ನೆನಪಿರಲಿಲ್ಲ.

ಬೈಂಡ್ ಮಾಡಿಸಿದ ಪುಸ್ತಕಗಳೆಲ್ಲ ಒಂದೇ ಬಣ್ಣ. ಬೆನ್ನಿನ ಚೀಟಿ ಕಿತ್ತು, ತೆಲುಗು ಚೀಟಿ ಅಂಟಿಸಿ, ತೆಲುಗು ಕಪಾಟಿಗೆ ಸೇರಿಸಿದೆ. ದಿನವೂ ನೀವು ಧೂಳು ಒರೆಸುವ ಸಾಲು. ತೆಲುಗು ನಿಮಗೆ ಮಾತಿಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ — ಗೊತ್ತಿದ್ದೇ ಮಾಡಿದೆ.

"ನಾನ ಎಲ್ಲೋ ಇಟ್ಟು ಮರ್ತೀನ್ರಿ ಮೇಡಂ. ಇನ್ನೂ ಎಷ್ಟೋ ಹೆಸ್ರು ಉಳದಾವು, ಹುಡುಗ್ರಿಗೆ ಏನ್ ಹೇಳ್ಲಿ?" ಎಂದು ನನ್ನನ್ನೇ ಕೇಳಿದಿರಿ. ಆ ಪುಸ್ತಕ ನಿಮ್ಮಿಂದ ಕಳೆದಿದೆ ಎಂದು ರಿಜಿಸ್ಟರಿನಲ್ಲಿ ಬರೆದೆ. ಮೇಲಿನವರು ನಿಮ್ಮಿಂದ ಬೀಗದ ಕೈ ತೆಗೆದುಕೊಂಡರು. ಮಕ್ಕಳು ಎರಡು ಭಾನುವಾರ ಬಂದರು, ಆಮೇಲೆ ಬರಲಿಲ್ಲ. ಕೋಣೆ ನನ್ನದಾಯಿತು — ಖಾಲಿ ಕೋಣೆ.

ಮಡಕಶಿರಕ್ಕೆ ವರ್ಗವಾಗಿ ಎರಡು ವರ್ಷ. ಇಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ತರಿಸಿ, ನಿಮ್ಮಂತೆಯೇ ಮಕ್ಕಳನ್ನು ಕೂರಿಸಿ ಓದಲು ಹೊರಟೆ. ಗುಡಿಬಂಡೆಯ ಹುಡುಗಿ ಕೇಳಿದಳು: "ಎಲ್ಲೋ ಸತ್ತೋದೋರ ಹೆಸ್ರು ನಾವ್ಯಾಕೆ ನೆಪ್ಪಿಟ್ಕೋಬೇಕು ಮೇಡಂ?" ಉತ್ತರ ಗೊತ್ತಿತ್ತು. ಪುಸ್ತಕ ಮುಚ್ಚಿ ಎದ್ದೆ. ಕೊಂದವರು ಅಳಿಸಲು ಹೊರಟ ಹೆಸರುಗಳನ್ನು ನಾನೂ — ಹೊಟ್ಟೆಕಿಚ್ಚಿಗಾಗಿ —

ಬರುವ ಭಾನುವಾರ ರಾಯದುರ್ಗಕ್ಕೆ ಬರುತ್ತೇನೆ. ಪುಸ್ತಕವನ್ನು ತೆಲುಗು ಕಪಾಟಿನಿಂದ ತೆಗೆದು ನಿಮ್ಮ ಕೈಗೆ ಕೊಡುತ್ತೇನೆ. ತಪ್ಪು ನನ್ನದೆಂದು ಮೇಲಿನವರಿಗೆ ಬರೆದುಕೊಡುತ್ತೇನೆ. ಆ ಮಕ್ಕಳು ಈಗ ಕಾಲೇಜಿನಲ್ಲಿರಬಹುದು. ಅವರ ಮನೆಗಳು ನಿಮಗೆ ಗೊತ್ತು. ನೀವು ಜೊತೆಗೆ ಬಂದರೆ ನಿಮ್ಮೊಂದಿಗೆ, ಬರದಿದ್ದರೆ ಒಬ್ಬಳೇ, ಬಾಗಿಲು ಬಾಗಿಲಿಗೂ ಹೋಗಿ ನಾನು ಮಾಡಿದ್ದನ್ನು ಹೇಳುತ್ತೇನೆ. ನಿಮ್ಮನ್ನು ಕಂಡು ಅವರು ಓಡಿಬಂದರೆ ನನಗೆ ಮತ್ತೆ ಹೊಟ್ಟೆ ಉರಿಯಬಹುದು.

ಉರಿಯಲಿ.