ಕಾಕಾ ಅವತ್ತು ಏನಂದ್ರು?

ಆತ್ಮ, ಸ್ವರ್ಗ, ನರಕ ಅಂದ್ರ ಸಾಕು, ನನ್ನ ಬಾಯಿಗಿ ಲಗಾಮ ಇರ್ತಿದ್ದಿಲ್ಲ. ಯಾರ್ದರೆ ಮಣ್ಣಿಗಿ ಹೋದ್ರೂ "ಮ್ಯಾಲ ಹೋಗೋ ಗಾಡಿಗಿ ರಿಸರ್ವೇಶನ್ ಸಿಕ್ತೇನ್ರಿ?" ಅಂತ ಕೇಳಿ ಬೈಸ್ಕೊಂಡಾಂವ ನಾ. ಅಂಥಾ ನನಗೇ ಇದು ಆಯ್ತು. ನಂಬ್ರಿ ಅಂತ ಹೇಳಲ್ಲ. ನಾನೇ ಪೂರಾ ನಂಬಿಲ್ಲ.

ಹೋದ ವರ್ಷ ಸಂಭಾಜಿನಗರದಾಗ ನಮ್ಮ ಕಾಕಾ ತೀರ್ಕೊಂಡ್ರು. ನಾವು ಭಾಲ್ಕಿ ಕಡೆ ಲಿಂಗಾಯತರು, ಮಣ್ಣು ಮಾಡಿದ್ವಿ. ಅಲ್ಲಿಗಿ ಮುಗೀಬೇಕಿತ್ತು. ಆದ್ರ ಕಾಕಾನ ಹೆಂಡ್ತಿ, ನಮ್ಮ ಕಾಕು, ನಾಶಿಕದ ಮರಾಠಿ ಹೆಣ್ಮಗಳು. ಹತ್ತನೇ ದಿನ ಅಲ್ಲಿನ ಗೋದಾವರಿ ಘಾಟಿನ್ಯಾಗ ಪಿಂಡ ಇಡಬೇಕು, ಕಾಗಿ ಮುಟ್ಟಬೇಕು, ಆಗೇ ಅವರು ದಾಟಿದ್ರು ಅಂತ ಅರ್ಥ, ಅವತ್ತು ಅಲ್ಲಿ ತನಕ ನಾ ಉಣ್ಣಲ್ಲ ಅಂದ್ಲು. ಕಾಕುಗ ಶುಗರ್. ದಿನಾ ಇನ್ಸುಲಿನ್ ಚುಚ್ಕೊಳ್ಳಾಕಿ.

ಕಾಕಾನ ಅಕ್ಕ, ನಮ್ಮ ಅತ್ತಿ, ಕೆಂಡಾದ್ಲು. "ಲಿಂಗದಾಗ ಕೂಡಿದಾಂವ ಎಲ್ಲಿಗಿ ದಾಟ್ತಾನ? ಅಂವೇನ್ ಲಾಸಲಗಾಂವದ ಉಳ್ಳಾಗಡ್ಡಿ ಲಾರಿ ಏನು, ನಡು ಹಾದ್ಯಾಗ ನಿಲ್ಲಾಕ?" ಅಂದ್ಲು. ಅಂದ್ರೂ ಎಲ್ಲಾರ್ಕಿಂತ ಮೊದಲು ಗಾಡಿ ಹತ್ತಿ ಕುಂತ್ಲು.

ಗಾಡಿ ನಡೆಸಿದಾಂವ ನನ್ನ ದೋಸ್ತ ಸಲೀಮ. ಅವನ್ನೂ ಕೇಳ್ದೆ. "ನಮ್ಮಲ್ಲಿ ಕಯಾಮತ್, ಅಂದ್ರ ಕಡೀ ತೀರ್ಪಿನ ದಿನದ ತನಕ ಎಲ್ಲಾರೂ ಕಾಯ್ಬೇಕು ಭಾಯಿ" ಅಂದ. "ಹಂಗಾದ್ರ ಒಂದೇ ಸ್ಟ್ಯಾಂಡು, ಮೂರು ಟೈಮ್‌ಟೇಬಲ್ಲು" ಅಂದೆ. ಕಾಕು ಮುಂಜಾನಿಂದ ಏನೂ ತಿಂದಿದ್ದಿಲ್ಲ.

ಘಾಟಿನ್ಯಾಗ ನನ್ನ ಪರಾಕ್ರಮ ಕೇಳ್ರಿ. ಪಿಂಡ ಇಡಿಸೋ ಗುರೂಜಿ ದರ್ಭೆ ತಾ ಅಂದ್ರು. ನಾ ಓಡಿ ಹೋಗಿ ಚಹಾಕ್ಕ ಹಾಕೋ ಹುಲ್ಲಿನ ಕಟ್ಟು ತಂದೆ. ಅವರು ಮೂಸಿ ನೋಡಿ, "ಪಿತೃಗಳಿಗಿ ಚಹಾ ಕಾಸ್ತೀಯೇನೋ?" ಅಂದ್ರು.

ಪಿಂಡ ಇಟ್ಟಾಯ್ತು. ಗ್ವಾಡಿ ಮ್ಯಾಲ ಕಾಗಿಗಳ ದಂಡೇ ಕುಂತಿತ್ತು. ಒಂದೂ ಕೆಳಗ ಇಳೀಲಿಲ್ಲ. ಪಕ್ಕದವರ ಪಿಂಡಕ್ಕ ಬರ್ತಾವ, ತಿಂತಾವ, ನಮ್ಮದು ಬಿಟ್ಟು ಹೋಗ್ತಾವ. ಸತ್ತವರ ಮನಸಿನ್ಯಾಗ ಏನರೆ ಉಳದಿದ್ರ ಕಾಗಿ ಮುಟ್ಟಲ್ಲಂತ. ಕಾಕು ಕೈ ಮುಗದು ಮಗಳ ಲಗ್ನ ಮಾಡ್ತೀನಿ, ನಿಮ್ಮ ಅಕ್ಕಾನ್ನ ನೋಡ್ಕೊತೀನಿ ಅಂತ ಒಂದೊಂದೇ ಮಾತು ಕೊಟ್ಳು. ಊಹೂಂ. ಬಿಸಿಲು ಏರ್ತು. ಕಾಕುನ ತುಟಿ ಬೆಳ್ಳಗಾಯ್ತು, ಹಣಿ ತುಂಬ ಬೆವರು. ನಾ ಕೊಟ್ಟ ಚಾಕ್ಲೇಟ್ ಒಗದ್ಲು. ದರ್ಭೆದ ಕಾಗಿ ಮಾಡಿ ಮುಟ್ಟಿಸ್ಬಹುದು ಅಂದ್ರು ಗುರೂಜಿ. ದರ್ಭೆ ಎಲ್ಲದ? ನನ್ನ ಕೃಪಾ! ತರಿಸ್ತೀವಿ ಅಂದ್ರೂ ಕಾಕು, "ಹುಲ್ಲಿನ ಕಾಗಿ ನಕೋ. ಅವರೇ ಬರ್ಬೇಕು" ಅಂದ್ಲು.

ಅಲ್ಲಿ ತನಕ ಬೆನ್ನು ತಿರುಗ್ಸಿ ಕುಂತಿದ್ದ ಅತ್ತಿ ನನ್ನ ಕಡಿ ನೋಡಿದ್ಲು. "ನೀ ಏನರೆ ಅನ್ನೋ ಅವಗ. ಕನ್ನಡದಾಗ ಅನ್ನು. ಈಕಿ ಸತ್ತು ಗಿತ್ತಾಳು."

ನಾಶಿಕದಾಗ ಬೆಳೆದಾಂವ ನಾ. ಗಾಬರಿಗಿ ಇದ್ದಷ್ಟು ಕನ್ನಡಾನೂ ಗೋದಾವರಿ ಪಾಲಾಯ್ತು. ಹಿರೇರು ಹೊರಟ್ರ ಏನನ್ಬೇಕಂತ ಅವ್ವ ಸಣ್ಣಾಂವಿದ್ದಾಗ ಬಡದು ಕಲಿಸಿದ್ದು ಒಂದೇ ಬಾಯಿಗಿ ಬಂತು. ಒದರಿದೆ: "ಕಾಕಾ, ಹೋಗಿ ಬರ್ರಿ!"

ಅತ್ತಿ ಹಣಿ ಬಡ್ಕೊಂಡ್ಲು. "ಸತ್ತವರಿಗಿ ಹೋಗಿ ಬರ್ರಿ ಅಂತಾರೇನೋ ಖೋಡಿ? ಎಲ್ಲಿಗಿ ಬರ್ಬೇಕು ಅಂವ?"

ಆಕಿ ಮಾತು ಮುಗಿಯೋದ್ರಾಗ ಒಂದು ಕಾಗಿ ಇಳೀತು. ಪಿಂಡಕ್ಕ ಚುಂಚ ಹಾಕ್ತು. ಆಗ ನನ್ನ ಬೆನ್ನ ಹಿಂದ, ಚೊಕ್ಕ ಕಾಕಾನ ದನಿ: "ಬರ್ತೀನಿ."

ತಿರುಗಿ ನೋಡ್ದೆ. ಖಾಲಿ ಮೆಟ್ಟಲು. ನನ್ನ ಕಾಲು ಜಾರಿ ಪ್ಯಾಂಟ್ ಸಮೇತ ನೀರಾಗ ಕುಂತೆ.

ಕಾಕು ನನ್ನ ಅಂಗಿ ಹಿಡಿದ್ಲು. "ಕಾಯ್ ಮ್ಹಣಾಲೆ ರೇ? ಇವರು ಏನಂದ್ರು?" ಕಾಕಾ ಮನ್ಯಾಗ ಬರೇ ಮರಾಠಿ ಆಡ್ತಿದ್ರು. ಆಕಿಗಿ ಕನ್ನಡ ಬರಲ್ಲ. ಆದ್ರ ದನಿ ಆಕಿಗೂ ಕೇಳಿತ್ತು!

"ಊಟ ಮಾಡು ಅಂದ್ರು" ಅಂದೆ. ಸುಳ್ಳು. ಕಾಕು ಅಲ್ಲೇ ಕುಂತು ಕಟ್ಕೊಂಡು ಬಂದಿದ್ದ ಅನ್ನ ತಿಂದ್ಲು.

ಸಂಭಾಜಿನಗರಕ್ಕ ಬಂದ ಮ್ಯಾಲ ಅತ್ತಿ ನನ್ನ ಅಡಗಿ ಮನಿಗಿ ಎಳದು ಕೇಳಿದ್ಲು, "ಸುಳ್ಳ್ಯಾಕ ಹೇಳ್ದಿ? ಅಂವ ಬರಲ್ಲ ಅಂದ. ನಾ ಕೇಳೀನಿ." ನಾ ಕೇಳಿದ್ದು ಬರ್ತೀನಿ ಅಂತ. ಅದ್ರ ಮ್ಯಾಲ ಇಬ್ಬರೂ ಜಗಳಾಡಿದ್ವಿ. ಸಲೀಮನ್ನ ಕೇಳಿದ್ರ, "ಕಾಗಿ ಒದರ್ತು, ಅಷ್ಟೇ" ಅಂದ.

ಈಗ ಕಾಕು ಅತ್ತಿ ಕಡೆ ಕನ್ನಡ ಕಲೀಲತ್ತಾಳ. ಅವತ್ತಿನ ದನಿ ಆಕಿ ಕಿವ್ಯಾಗ ಹಂಗೇ ಅದ ಅಂತ. ಮೊನ್ನಿ ಫೋನಿನ್ಯಾಗ ಕೇಳಿದ್ಲು, "ಊಟ ಮಾಡು ಅಂದ್ರ ಎರಡು ಮಾತು. ಅವತ್ತು ನನಗ ಒಂದೇ ಕೇಳಿತ್ತಲ್ಲೋ?" ನಾ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡ್ದೆ.