ಬಾಡಿಗೆ ಮನೆಯಲ್ಲಿ ಅಕ್ಕನ ಎಲೆ

ಮಣಿಪಾಲದ ಈಶ್ವರನಗರದಲ್ಲಿ ಮನೆ ಎಂದರೆ ಜನ ಮೊದಲು ಹೇಳುವುದು, "ನಿಮಗೆಂತ ಹೆದರಿಕೆ, ಆಸ್ಪತ್ರೆ ಹತ್ತಿರ ಉಂಟಲ್ಲ." ಹತ್ತಿರ ಎನ್ನುವುದು ನಿಜ. ಅಕ್ಕ ಕೊನೆಯ ಸಲ ಆಸ್ಪತ್ರೆಗೆ ನಡೆದುಕೊಂಡೇ ಹೋದಳು. ಆಟೋ ಕರೆಯುತ್ತೇನೆ ಎಂದದ್ದಕ್ಕೆ, "ಇಷ್ಟು ದೂರಕ್ಕೆ ಆಟೋ ಹತ್ತಿದರೆ ಅವನು ನಗಾಡುತ್ತಾನೆ" ಎಂದಳು. ಕೈಯಲ್ಲಿ ನೀರಿನ ಬಾಟಲಿ, ಹೆಗಲ ಮೇಲೆ ಒಂದು ಟವೆಲು. ಏರು ಹತ್ತುವಾಗ ಒಂದೆರಡು ಕಡೆ ನಿಂತಳು. ಅಷ್ಟೇ. ಮತ್ತೆ ಬರಲಿಲ್ಲ.

ಅಲ್ಲಿಂದ ನೇರ ಕಾರ್ಕಳಕ್ಕೆ, ತಮ್ಮನ ಮನೆಗೆ ಕೊಂಡುಹೋದೆವು. ದಹನ, ಉತ್ತರಕ್ರಿಯೆ ಎಲ್ಲ ಅಲ್ಲೇ ಆಯಿತು. ಎಲ್ಲ ಮುಗಿಸಿ ನಾನು ಮಣಿಪಾಲಕ್ಕೆ ಮರಳಿದಾಗ ನಮ್ಮ ಓಣಿ ಹೇಗಿತ್ತೋ ಹಾಗೆಯೇ ಇತ್ತು. ಎದುರಿನ ಹಾಸ್ಟೆಲಿನ ಬಾಲ್ಕನಿಯಲ್ಲಿ ಒಗೆದ ಬಟ್ಟೆ, ಕೆಳಗೆ ಬೈಕುಗಳ ಸಾಲು, ಮೂಲೆಯ ಜ್ಯೂಸ್ ಅಂಗಡಿಯಲ್ಲಿ ಮಿಕ್ಸಿಯ ಸದ್ದು. ಅಕ್ಕನನ್ನು ಈ ಓಣಿಯಿಂದ ಯಾರೂ ಹೊತ್ತುಕೊಂಡು ಹೋಗಲಿಲ್ಲ. ಹಾಗಾಗಿ ಅವಳು ಸತ್ತದ್ದು ಓಣಿಗೆ ಗೊತ್ತಾಗಲಿಲ್ಲ.

ನಾವಿಬ್ಬರೂ ಮದುವೆಯಾದವರಲ್ಲ. ಹುಟ್ಟಿ ಬೆಳೆದದ್ದು ಕಡಲ ಬದಿಯ ಕಾಪುವಿನಲ್ಲಿ. ಅಕ್ಕನಿಗೆ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಎಣಿಸಿ ಮಡಚಿಡುವ ಕೆಲಸ ಸಿಕ್ಕಿದಾಗ ಇಲ್ಲಿಗೆ ಬಂದೆವು. ನಾನು ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಕಾಲೇಜಿನ ಮಕ್ಕಳ ಪ್ಯಾಂಟು ಗಿಡ್ಡ ಮಾಡುವುದು, ಬಿಳಿ ಕೋಟಿನ ಕೈ ಸರಿ ಮಾಡುವುದು, ಜಿಪ್ ಬದಲಿಸುವುದು. ಈ ಜಾಗದಲ್ಲಿ ಅಂಥ ಕೆಲಸಕ್ಕೆ ಕೊರತೆ ಇಲ್ಲ. ಬೇಸಿಗೆ ರಜೆಗೆ ಮಕ್ಕಳೆಲ್ಲ ಊರಿಗೆ ಹೋದರೆ ಓಣಿ ಒಮ್ಮೆಲೇ ಖಾಲಿ. ಆಗ ನಲ್ಲಿಯ ನೀರೂ ಕಡಿಮೆ, ಟ್ಯಾಂಕರಿಗೆ ಕಾಯಬೇಕು. ಅಕ್ಕ ಹೋದದ್ದು ಅಂಥ ಹೊತ್ತಿನಲ್ಲೇ. ಮಳೆ ಹಿಡಿದು ಮಕ್ಕಳು ಬಂದಾಗ ಅರ್ಧ ಜನ ಹೊಸಬರು. ಮೊದಲಿನವರು ನಮ್ಮನ್ನು ದೊಡ್ಡ ಆಂಟಿ, ಸಣ್ಣ ಆಂಟಿ ಎಂದು ಕರೆಯುತ್ತಿದ್ದರು. ಹೊಸಬರು ಬರೀ ಆಂಟಿ ಎನ್ನುತ್ತಾರೆ. ಅವರ ತಪ್ಪಲ್ಲ.

ಯಾರೂ ಏನೂ ಕೇಳದ ಜಾಗದಲ್ಲಿ ಒಂದು ಸುಖ ಉಂಟು. ಇಬ್ಬರು ಹೆಂಗಸರು ಯಾಕೆ ಹೀಗೇ ಇದ್ದೀರಿ ಎಂದು ಇಷ್ಟು ವರ್ಷದಲ್ಲಿ ಇಲ್ಲಿ ಒಬ್ಬರೂ ಕೇಳಿದ್ದಿಲ್ಲ. ಕಾಪುವಿನಲ್ಲಾದರೆ ಮೀನು ಮಾರುವವಳಿಂದ ಹಿಡಿದು ಬಸ್ಸಿನ ಕಂಡಕ್ಟರಿನ ತನಕ ಎಲ್ಲರಿಗೂ ಅದೇ ಪ್ರಶ್ನೆ. ಆದರೆ ಅದೇ ಕಾರಣಕ್ಕೆ, ಅಕ್ಕ ಎಲ್ಲಿ ಎಂದೂ ಇಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಹೇಳಬೇಕಾದದ್ದನ್ನು ನಾನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅದು ಹಾಗೆಯೇ ಉಳಿಯಿತು.

ಮನೆಯೊಡತಿ ಕೆಳಗಿನ ಮನೆಯಲ್ಲಿದ್ದಾರೆ. ವಯಸ್ಸಾದವರು, ವಾರಕ್ಕೊಮ್ಮೆ ಉಡುಪಿಗೆ ಹೋಗಿ ದೇವರ ದರ್ಶನ ಮಾಡಿ ಬರುವವರು. ನಾವು ಅವರನ್ನು ಅಮ್ಮ ಎನ್ನುವುದು. ಮನೆ ಕೊಡುವಾಗಲೇ ಒಂದು ಮಾತು ಹೇಳಿದ್ದರು, ಮನೆಯಲ್ಲಿ ಮೀನು, ಮಾಂಸ ಬೇಯಿಸಬಾರದು ಎಂದು. ಕಾಪುವಿನಲ್ಲಿ ಹುಟ್ಟಿದವರಿಗೆ ಅದು ಸಣ್ಣ ಮಾತಲ್ಲ. "ಬೇಯಿಸಬಾರದು ಎಂದರು, ತಿನ್ನಬಾರದು ಎನ್ನಲಿಲ್ಲ" ಎಂದು ಅಕ್ಕ ಮನೆ ಒಪ್ಪಿಕೊಂಡಳು. ಆಮೇಲೆ ಭಾನುವಾರಕ್ಕೊಮ್ಮೆ ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಮೀನಿನ ಊಟ. ಅವಳಿಗೆ ಅಲ್ಲಿಯ ಹುಳಿಖಾರದ ಬಂಗುಡೆ ಪುಳಿಮುಂಚಿ ಬೇಕು, ಒಣ ಸಿಗಡಿಯ ಚಟ್ನಿ ಬೇಕು. ವಾರವೆಲ್ಲ ಅದರ ಲೆಕ್ಕದಲ್ಲೇ ಇರುತ್ತಿದ್ದಳು.

ಮಳೆಗಾಲದ ನಡುವಿನ ಆಟಿ ತಿಂಗಳು ಬರುವಾಗ ತಮ್ಮ ಫೋನು ಮಾಡಿದ. ತೀರಿಹೋದವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವ ಕ್ರಮ ನಮ್ಮಲ್ಲಿ ಉಂಟು, ಅಗೆಲು ಎನ್ನುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಕರೆದು, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಉಂಡು ಹೋದ ಮೇಲೆ ನಮ್ಮ ಊಟ.

"ಅಮಾವಾಸ್ಯೆಗೆ ಇಲ್ಲಿ ದೊಡ್ಡಕ್ಕನಿಗೂ ಬಡಿಸುತ್ತೇನೆ. ನೀನು ಬರುವಾಗ ಸಾಮಾನು ಕಟ್ಟಿಕೊಂಡೇ ಬಾ ಸಣ್ಣಕ್ಕ. ಆ ಮಕ್ಕಳ ಗಲಾಟೆಯ ಮಧ್ಯೆ ಒಬ್ಬಳೇ ಎಂತ ಮಾಡ್ತಿ?"

"ಹೊಲಿಗೆ ಉಂಟಲ್ಲ ಮಾರಾಯ."

"ಕಾರ್ಕಳದವರು ಬಟ್ಟೆ ಹಾಕುವುದಿಲ್ಲವಾ?"

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವನ ಮನೆಯಲ್ಲಿ ಬಾವಿ ಉಂಟು, ಅವನ ಹೆಂಡತಿ ಒಳ್ಳೆಯವಳು, ನನಗೆಂದು ಒಂದು ಕೋಣೆಯನ್ನೂ ಬಿಡಿಸಿಟ್ಟಿದ್ದ. ಇತ್ತ ಅಕ್ಕ ಹೋದದ್ದು ಕೆಳಗಿನ ಅಮ್ಮನಿಗೆ ಮಾತ್ರ ಗೊತ್ತಿತ್ತು. ಅವರೂ ಅವಳ ಮಾತೆತ್ತದೆ ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಮಕ್ಕಳ ಅಪ್ಪ ಅಮ್ಮಂದಿರು ರೂಮು ಉಂಟಾ ಎಂದು ಬಂದು ಕೇಳುತ್ತಾರೆ. ನೀನು ಇರುತ್ತೀಯೋ ಹೋಗುತ್ತೀಯೋ, ಆಟಿ ಮುಗಿಯುವುದರೊಳಗೆ ಒಂದು ಹೇಳಿಬಿಡು" ಎಂದಿದ್ದರು.

ನನಗೆ ತೊಡಕಾದದ್ದು ಒಂದೇ. ಅಕ್ಕ ಕಾರ್ಕಳದ ಆ ಮನೆಯಲ್ಲಿ ಒಂದು ರಾತ್ರಿಯಾದರೂ ನೆಮ್ಮದಿಯಿಂದ ಮಲಗಿದವಳಲ್ಲ. ಗೃಹಪ್ರವೇಶಕ್ಕೆ ಹೋದಾಗಲೂ ಸಂಜೆಯ ಬಸ್ಸಿಗೆ ಹೊರಡೋಣ ಎಂದು ನನ್ನ ಸೆರಗು ಎಳೆದವಳು. ಅಲ್ಲಿ ಬಡಿಸಿದರೆ ಅವಳು ಬರುತ್ತಾಳಾ? ಬಂದರೂ ಉಣ್ಣುತ್ತಾಳಾ? ಇದೆಲ್ಲ ನಂಬುವುದೋ ಬಿಡುವುದೋ ನನಗೆ ಗೊತ್ತಿಲ್ಲ. ಆದರೆ ಆ ಯೋಚನೆ ಬಂದ ಮೇಲೆ ಹೊಲಿಗೆ ನೇರ ಬೀಳುತ್ತಿರಲಿಲ್ಲ.

ಅಮಾವಾಸ್ಯೆಗೆ ಮುಂಚಿನ ಭಾನುವಾರ ನಾನು ಉಡುಪಿಗೆ ಹೋಗಿ ಆ ಹೋಟೆಲಿನ ಮುಂದೆ ನಿಂತೆ. ಬಡಿಸುವವನಿಗೆ ನಮ್ಮ ಗುರುತು ಉಂಟು.

"ಎಂತ, ತುಂಬ ದಿನ ಆಯ್ತು? ಅಕ್ಕ ಬರಲಿಲ್ಲವಾ?"

"ಮನೆಯಲ್ಲಿದ್ದಾಳೆ. ಪಾರ್ಸೆಲ್ ಕೊಡಿ" ಎಂದೆ.

"ಮಳೆಗಾಲ ಅಲ್ವಾ, ಬೋಟು ನಿಂತಿದೆ, ಮೀನೆಲ್ಲ ಐಸಿನದ್ದು. ಆಮೇಲೆ ಅವರು ನನಗೆ ಬೈಯುವುದು ಬೇಡ" ಎಂದು ನಗುತ್ತಾ ಕಟ್ಟಿಕೊಟ್ಟ.

ಮನೆಗೆ ಬಂದು ಕುಚ್ಚಲಕ್ಕಿ ಅನ್ನ ಮಾಡಿದೆ, ಕೆಸುವಿನ ಎಲೆಯ ಪತ್ರೊಡೆ ಬೇಯಿಸಿದೆ. ಮೀನು ನಾನು ಬೇಯಿಸಲಿಲ್ಲ, ಬಿಸಿ ಕೂಡ ಮಾಡಲಿಲ್ಲ. ಹೊಲಿಗೆ ಯಂತ್ರವನ್ನು ಬದಿಗೆ ಸರಿಸಿ, ನೆಲ ಒರೆಸಿ, ದೀಪ ಹಚ್ಚಿ, ಬಾಳೆ ಎಲೆ ಹಾಕಿ ಬಡಿಸಿದೆ. ನಮ್ಮಲ್ಲಿ ಕರೆಯುವುದು ಮನೆಯ ಹಿರಿಯ ಗಂಡಸು. ಅವರು ಏನು ಹೇಳುತ್ತಾರೆ ಎಂದು ನಾನು ಯಾವತ್ತೂ ಸರಿಯಾಗಿ ಕೇಳಿಸಿಕೊಂಡವಳಲ್ಲ. "ಅಕ್ಕ, ಬಡಿಸಿದ್ದೇನೆ" ಎಂದೆ, ದಿನಾ ಹೇಳುತ್ತಿದ್ದ ಹಾಗೆ. ಹೊರಗೆ ಬಂದು ಬಾಗಿಲು ಎಳೆದೆ.

ಬಾಗಿಲು ಟಕ್ ಎಂದಿತು.

ಹಳೆಯ ಮನೆಗಳ ಬಾಗಿಲು ಎಳೆದರೆ ಬರೀ ಮುಚ್ಚುತ್ತದೆ. ನಮ್ಮ ಬಾಗಿಲಿಗೆ ಕಳೆದ ವರ್ಷ ಅಮ್ಮ ತಾನಾಗಿ ಬೀಳುವ ಬೀಗ ಹಾಕಿಸಿದ್ದರು. ಕೀ ಒಳಗೆ, ಫೋನು ಒಳಗೆ, ದೀಪ ಉರಿಯುತ್ತಾ ಒಳಗೆ. ನಾನು ಇಡೀ ದಿನ ಮನೆಯಲ್ಲೇ ಕೂರುವವಳು, ಕೀ ಹಿಡಿದುಕೊಂಡು ಓಡಾಡುತ್ತಿದ್ದದ್ದು ಅಕ್ಕ. ಒಂದು ಕ್ಷಣ ನಾನು ಬಾಗಿಲು ತಟ್ಟಲು ಕೈ ಎತ್ತಿದ್ದೆ. ಒಳಗಿನಿಂದ ಯಾರು ತೆಗೆಯಬೇಕು?

ಮೆಟ್ಟಿಲ ಮೇಲೆ ಕೂತೆ. ಕೆಳಗೆ ಹೋಗಿ ಅಮ್ಮನನ್ನು ಕೇಳಿದರೆ ಇನ್ನೊಂದು ಕೀ ಸಿಗುತ್ತದೆ, ಆದರೆ ಬಾಗಿಲು ತೆರೆದರೆ ಒಣ ಸಿಗಡಿಯ ವಾಸನೆ ಮೊದಲು ಅವರಿಗೇ ಬಡಿಯುತ್ತದೆ. ಇಷ್ಟು ವರ್ಷ ಉಳಿಸಿಕೊಂಡ ಮಾತು. ಹಾಗೆಯೇ ಕೂತಿದ್ದೆ. ಅಷ್ಟರಲ್ಲಿ ಮಳೆ ಹನಿಯಿತು. ತಾರಸಿಯ ಬಟ್ಟೆ ತೆಗೆಯಲು ಅಮ್ಮನೇ ಮೊಣಕಾಲು ಹಿಡಿದುಕೊಂಡು ಮೇಲೆ ಬಂದರು.

"ಎಂತ ಮಾರಾಯ್ತಿ, ಹೊರಗೆ ಕೂತಿದ್ದಿ?"

"ಬೀಗ ಬಿತ್ತು ಅಮ್ಮ."

"ಕೀ?"

"ಒಳಗೆ."

ಅವರು ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದ ದೀಪದ ಬೆಳಕನ್ನು ನೋಡಿದರು. ಆಮೇಲೆ ಮಿಂದು ಬಂದ ನನ್ನ ಒದ್ದೆ ತಲೆ, ಒಗೆದು ಉಟ್ಟ ಸೀರೆ. ತುಳುನಾಡಿನಲ್ಲಿ ಹುಟ್ಟಿದವರಿಗೆ ಮತ್ತೆ ಹೇಳಬೇಕಾಗಿಲ್ಲ.

"ಬಡಿಸಿದ್ದಾ?"

ತಲೆ ಆಡಿಸಿದೆ. "ಮೀನು ಉಂಟು ಅಮ್ಮ. ಇಲ್ಲಿ ಬೇಯಿಸಿದ್ದಲ್ಲ, ಹೋಟೆಲಿನದ್ದು."

"ನನಗೆ ಕೊರೋನಾ ಬಂದಲ್ಲಿಂದ ವಾಸನೆಯೇ ಗೊತ್ತಾಗುವುದಿಲ್ಲ" ಎಂದರು. ಹಿಂದಿನ ವಾರವಷ್ಟೇ, ಸಿಗರೇಟಿನ ವಾಸನೆ ಬರುತ್ತದೆ ಎಂದು ಎದುರಿನ ಹುಡುಗರನ್ನು ಅವರು ರಸ್ತೆಯಲ್ಲೇ ನಿಲ್ಲಿಸಿ ಬೈದಿದ್ದರು.

"ಕೀ ಕೊಡ್ತೀರಾ?"

"ಕೊಡುವ. ಅವಸರ ಎಂತ? ಅವಳು ನಿಧಾನ ಉಣ್ಣುವವಳು ಅಲ್ವಾ?"

ಬಟ್ಟೆಯನ್ನು ತೆಗೆದುಕೊಂಡು ಬಂದು ನನ್ನ ಮೇಲಿನ ಮೆಟ್ಟಿಲಲ್ಲಿ ಕೂತರು. ಅಕ್ಕ ನಿಧಾನ ಉಣ್ಣುವವಳು ಎಂದು ಅವರಿಗೆ ಹೇಗೆ ಗೊತ್ತೋ. ಅವಳ ವಿಷಯ ಈ ಓಣಿಯಲ್ಲಿ ಒಬ್ಬರು ಆಡಿದ ಮೊದಲ ಮಾತು ಅದು. ನಾನು ಜೋಡಿಸಿಟ್ಟುಕೊಂಡದ್ದೆಲ್ಲ ಆಗ ಬಾಯಿಗೆ ಬರಲಿಲ್ಲ.

"ಕಾರ್ಕಳದಲ್ಲೂ ಬಡಿಸುತ್ತಾರೆ, ಅಮಾವಾಸ್ಯೆಗೆ" ಎಂದೆ.

"ಎರಡು ಕಡೆ ಊಟ ಇದ್ದರೆ ಯಾರಿಗೆ ಬೇಡ?" ಎಂದು ನಕ್ಕರು. ಮತ್ತೆ ಮಡಿಲಿನ ಬಟ್ಟೆಯೊಂದನ್ನು ಮಡಚುತ್ತಾ, "ಆದರೆ ನೀನು ಇಲ್ಲಿಗೆ ಕರೆದಾಯಿತಲ್ಲ. ಒಮ್ಮೆ ಕರೆದು ಬಡಿಸಿದ ಮೇಲೆ ಬಿಡಲಿಕ್ಕಿಲ್ಲ. ಮುಂದಿನ ಆಟಿಗೆ ಅವಳು ಬರುವಾಗ ಇಲ್ಲಿ ಯಾರೋ ಮಕ್ಕಳು ಇದ್ದರೆ?" ಎಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಯಾರೂ ಅಗೆಲು ಬಡಿಸದೆ ಇರುವುದು ಅದಕ್ಕೇ. ಮನೆ ಬಿಟ್ಟರೆ ಸತ್ತವರಿಗೆ ಯಾರು ಹೇಳಬೇಕು?

ಅವರು ಕೆಳಗೆ ಹೋಗಿ ಕೀ ತಂದುಕೊಟ್ಟರು. ಒಳಗೆ ಇಣುಕಲಿಲ್ಲ. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲು ಇಳಿದರು. ಎಲೆ ಬಡಿಸಿದ ಹಾಗೆಯೇ ಇತ್ತು. ದೀಪ ಸರಿಯಾಗಿಯೇ ಉರಿಯುತ್ತಿತ್ತು. ಆ ಎಲೆಯ ಮುಂದೆ ಕೂತು ನಾನೇ ಉಂಡೆ. ಕಾರ್ಕಳದಲ್ಲಾದರೆ ಹತ್ತು ಜನ ಸಾಲಾಗಿ ಕೂರುತ್ತಾರೆ. ಇಲ್ಲಿ ಜೊತೆಗೆ ಕೂರಲು ಒಬ್ಬರಿಲ್ಲ, ಇದ್ದ ಒಬ್ಬರು ಮೀನು ಮುಟ್ಟದವರು. ಪುಳಿಮುಂಚಿ ತಣ್ಣಗಾಗಿತ್ತು, ಖಾರ ಹೆಚ್ಚಿತ್ತು. ಕಣ್ಣಿನಲ್ಲಿ ನೀರು ಬಂದದ್ದು ಖಾರಕ್ಕೋ ಏನೋ, ಒರೆಸಿಕೊಳ್ಳಲಿಲ್ಲ.

ಸಂಜೆ ತಮ್ಮನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು.

"ಬಾಡಿಗೆ ಮನೆಯಲ್ಲಿ ಬಡಿಸಿದ್ದಾ? ಅದೂ ಹೋಟೆಲಿನ ಪಾರ್ಸೆಲು? ನಿನಗೆ ಬುದ್ಧಿ ಉಂಟಾ ಸಣ್ಣಕ್ಕ?"

"ಅವಳಿಗೆ ಅದೇ ಇಷ್ಟ ಅಲ್ವಾ?"

"ಹಾಗಾದರೆ ನೀನು ಬರುವುದಿಲ್ಲ."

"ಅಮಾವಾಸ್ಯೆಗೆ ಬರುತ್ತೇನೆ. ಇರಲಿಕ್ಕೆ ಅಲ್ಲ."

ಫೋನು ಇಟ್ಟುಬಿಟ್ಟ. ಕೆಳಗೆ ಹೋಗಿ ಅಮ್ಮನಿಗೆ, "ನಾನು ಇರುತ್ತೇನೆ" ಎಂದೆ. "ಸರಿ" ಎಂದರು, ಬತ್ತಿ ಹೊಸೆಯುವುದನ್ನು ನಿಲ್ಲಿಸದೆ.

ಅಮಾವಾಸ್ಯೆಯಂದು ಕಾರ್ಕಳಕ್ಕೆ ಹೋದೆ. ಅಜ್ಜ, ಅಜ್ಜಿ, ಅಪ್ಪ, ಹೆತ್ತ ಅಮ್ಮ, ಕೊನೆಗೆ ಅಕ್ಕ ಎಂದು ಸಾಲಾಗಿ ಎಲೆ ಹಾಕಿದ್ದರು. ಕೋಳಿ ಸಾರು, ರೊಟ್ಟಿ, ಎಲ್ಲ ಮನೆಯಲ್ಲೇ ಮಾಡಿದ್ದು. ತಮ್ಮ ಗಟ್ಟಿ ದನಿಯಲ್ಲಿ ಒಬ್ಬೊಬ್ಬರನ್ನೇ ಕರೆದ. ಅಕ್ಕನನ್ನು ಕರೆಯುವಾಗ ಅವನ ಸ್ವರ ಸಣ್ಣದಾಯಿತು. ಎಲ್ಲರೂ ಅಂಗಳಕ್ಕೆ ಬಂದು ನಿಂತೆವು. ಇಷ್ಟು ಜನರ ಮಧ್ಯೆ ಅವಳಿಗೆ ಒಳ್ಳೆಯದೇ ಆಗಬಹುದು ಎಂದು ನನಗೂ ಅನ್ನಿಸಿತು. ನಾಳೆ ಹೋದರಾಯಿತು ಎಂದು ತಮ್ಮನ ಹೆಂಡತಿ ಕೈ ಹಿಡಿದಳು. ಅಲ್ಲೇ ಉಳಿಯಬಹುದಿತ್ತು.

ತಮ್ಮ ನನ್ನ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದ ತನಕ ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಮುಂದಿನ ವರ್ಷ ಅಲ್ಲಿ ಬಡಿಸುವಾಗ ನನಗೆ ಹೇಳು. ಕರೆಯಲಿಕ್ಕೆ ನಾನು ಬರುತ್ತೇನೆ" ಎಂದ.

ಅವನು ಬರಬಹುದು, ಬಾರದೆಯೂ ಇರಬಹುದು. ಹಿರಿಯಡ್ಕ ದಾಟುವಾಗ ಮಳೆ ಜೋರಾಯಿತು. ಬಸ್ಸಿನವರು ಕಿಟಕಿಯ ಪರದೆಗಳನ್ನು ಇಳಿಸಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ಇನ್ನೊಂದು ಆಟಿ ಬರಲು ವರ್ಷ ಉಂಟು. ಅಷ್ಟು ದಿನ ಆ ಬಾಡಿಗೆ ಮನೆಯನ್ನು ಬಿಡದೆ, ನಾನೊಬ್ಬಳೇ ಅಲ್ಲಿ ಇರಬೇಕು.