ಮಗ್ರಿಬ್‌ಗೆ ಹನ್ನೆರಡು

ನನ್ನ ಮಾವ ಸಿರಾಜ್ ಹಟಮಾರಿ ಮನುಷ್ಯ. ನಾನೂ ಕಡಿಮೆಯವನಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಬೇರೆ ಮಾತು. ಸೌದಿಯ ಜಿದ್ದಾ ನಗರದ ಹಳೇ ಪೇಟೆಯ ಮನೆಗಳಿಗೆ ಮರದ ಜಾಲರಿ ಕಿಟಕಿ ಮಾಡಿ ಕೂರಿಸುವುದು ಅವರ ಕಸುಬು. ಅರವತ್ತೆಂಟು ತುಂಬಿದರೂ ಉಳಿ ಕೆಳಗಿಟ್ಟಿರಲಿಲ್ಲ. ಊರೆಲ್ಲ ಬಿಟ್ಟುಹಾಕಿದ ಹಳೇ ಗಂಟೆಯ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳಿದರೆ ಅವರಿಗೆ ಹನ್ನೆರಡು, ಅಲ್ಲಿಂದಾಚೆ ಒಂದು, ಎರಡು. ಗೋಡೆ ಗಡಿಯಾರದ ಮುಳ್ಳನ್ನು ದಿನಾ ಸಂಜೆ ತಿರುಗಿಸಿ ಸರಿಮಾಡುತ್ತಿದ್ದರು. ನಾನೋ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವನು. ಗಂಟೆ ಎಷ್ಟು ಎಂಬ ವಿಷಯಕ್ಕೆ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ.

ಆ ವರ್ಷ ಟೀವಿಯವರು ಹಳೇ ಮನೆಗಳ ಬಗ್ಗೆ ಕಾರ್ಯಕ್ರಮ ಮಾಡಲು ಬಂದು, ಮಾವ ಕೆಲಸ ಮಾಡುವುದನ್ನು ಚಿತ್ರ ತೆಗೆದುಕೊಂಡು ಹೋದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ಬದ್ರಿಯಾ ಪಟ್ಟು ಹಿಡಿದರು.

"ನಲವತ್ತೆರಡು ವರ್ಷ ಸಂಸಾರ ಮಾಡಿದೀನಿ. ಈ ಮನುಷ್ಯ ಬೆಳಗ್ಗೆ ಹೋಗಿ ಏನು ಮಾಡ್ತಾರೆ ಅಂತ ಒಂದಿನಾನೂ ಕಣ್ಣಲ್ಲಿ ಕಂಡಿಲ್ಲ. ಸಂಜೆ ಮೈಯೆಲ್ಲ ಮರದ ಪುಡಿ ಮಾಡ್ಕೊಂಡು ಬರ್ತಾರೆ, ನಾನು ಅಂಗಿ ಒದರ್ತೀನಿ. ನಂಗೊತ್ತಿರೋದು ಅಷ್ಟೇ. ಇದನ್ನ ನಾನು ನೋಡಲೇಬೇಕು."

ತೋರಿಸುವುದು ಒಂದೇ ಸಲ, ಗುರುವಾರ, ರಾತ್ರಿಯ ಇಶಾ ನಮಾಜು ಮುಗಿದು ಅರ್ಧ ಗಂಟೆಗೆ. ಸರಿಯಾಗಿ ಅದೇ ಹೊತ್ತಿಗೆ ಅತ್ತೆಯ ತಂಗಿಯ ಮಗನ ನಿಕಾಹ್. ತಪ್ಪಿಸಿದರೆ ತಂಗಿ ಜನ್ಮದಲ್ಲಿ ಮಾತಾಡಿಸುವುದಿಲ್ಲ. ಹಾಗಾಗಿ ನಮ್ಮ ಮನೆಗೆ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವ ವಿಡಿಯೋ ಯಂತ್ರ ಬರಬೇಕಾಯಿತು.

ಅಂಗಡಿಯಲ್ಲಿ ನಾನು ದೊಡ್ಡ ಕ್ಯಾಸೆಟ್ಟಿನದೋ ಚಿಕ್ಕ ಕ್ಯಾಸೆಟ್ಟಿನದೋ, ಯಾವುದಕ್ಕೆ ಬಿಡಿಭಾಗ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತಿದ್ದೆ. ಮಾವನಿಗೆ ಅದು ಯಾವುದೂ ಬೇಕಿರಲಿಲ್ಲ. ಸಾಲಿನಲ್ಲಿದ್ದ ಯಂತ್ರಗಳ ಪ್ಲಗ್ಗನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿಸಿದರು. ಒಂದು ಯಂತ್ರ ಸೊನ್ನೆ ತೋರಿಸಿತು.

"ಸೊನ್ನೆ ಗಂಟೆ ಅಂದ್ರೆ ಯಾವ ಹೊತ್ತಪ್ಪ ಅದು? ಮುಂದಿನದು ಹಾಕು."

ಮುಂದಿನದರಲ್ಲಿ ಹನ್ನೆರಡು ಮಿನುಗಿತು. ಮಾವನ ಮುಖ ಅರಳಿತು. "ಇದಕ್ಕೆ ಬುದ್ಧಿ ಇದೆ. ಇದನ್ನೇ ಕಟ್ಟು."

"ಹಾಜಿ, ಅದು ಟೈಮ್ ಇಡಿ ಅಂತ ಕೇಳ್ತಿದೆ ಅಷ್ಟೇ," ಎಂದ ಅಂಗಡಿಯವನು.

"ಕೇಳಲಿ. ಮಗ್ರಿಬ್‌ಗೆ ಇಡ್ತೀನಿ."

ಮನೆಗೆ ತಂದ ಮೇಲೆ ದಿನಾ ಸಂಜೆ ಇದೇ ಆಟ. ಬಾಂಗ್ ಶುರುವಾದೊಡನೆ ಪ್ಲಗ್ ಕಿತ್ತು ಹಾಕುವುದು, ಹನ್ನೆರಡು ಬಂತೆಂದು ತೃಪ್ತಿಪಟ್ಟು ಮಸೀದಿಗೆ ಹೋಗುವುದು. ನನಗೆ ಮೈ ಉರಿಯುತ್ತಿತ್ತು. ಗುರುವಾರ ಮಧ್ಯಾಹ್ನ ಅವರು ತಮ್ಮ ಲೆಕ್ಕದ ಎರಡು ಗಂಟೆಗೆ, ಅಂದರೆ ಮಗ್ರಿಬ್ ಆಗಿ ಎರಡು ಗಂಟೆ ಕಳೆದ ಮೇಲೆ, ರೆಕಾರ್ಡ್ ಆಗುವಂತೆ ಗುಂಡಿ ಒತ್ತಿಟ್ಟು ಕೆಲಸಕ್ಕೆ ಹೋದರು. ಅವರು ಹೊಸ್ತಿಲು ದಾಟಿದ ಕೂಡಲೇ ನಾನು ಯಂತ್ರದ ಗಡಿಯಾರವನ್ನು ನನ್ನ ಕೈಗಡಿಯಾರಕ್ಕೆ ಸರಿಮಾಡಿದೆ. ಒಂದು ಯಂತ್ರವಾದರೂ ಮರ್ಯಾದೆಯಿಂದ ಬಾಳಲಿ ಎಂದುಕೊಂಡೆ.

ಎಂಥ ದಡ್ಡ ನಾನು. ವಿಮಾನ ನಿಲ್ದಾಣದಿಂದ ನೇರ ನಿಕಾಹ್ ಮನೆಗೆ ಹೋಗಿ ಕುರಿ ಮಾಂಸದ ತಟ್ಟೆಯ ಮುಂದೆ ಕೂತಾಗ ಹೊಳೆಯಿತು. ಗಡಿಯಾರ ತಿದ್ದಿದ್ದೆ, ರೆಕಾರ್ಡಿನ ಗಂಟೆ ತಿದ್ದಿರಲಿಲ್ಲ. ಕಾರ್ಯಕ್ರಮ ಇನ್ನೇನು ಶುರುವಾಗಬೇಕು. ಯಂತ್ರ ಎಚ್ಚರಾಗುವುದು ಮಧ್ಯರಾತ್ರಿ ಕಳೆದು ಎರಡಕ್ಕೆ. ಅತ್ತೆ ಹತ್ತು ದಿನದಿಂದ ಎಷ್ಟು ಜನಕ್ಕೆ ಹೇಳಿಕೊಂಡು ಬಂದಿದ್ದರು! ಮಾವನ ಪಕ್ಕಕ್ಕೆ ಜರುಗಿದೆ.

"ಮಾವ, ತಪ್ಪಾಯ್ತು. ಮಧ್ಯಾಹ್ನ ನಿಮ್ಮ ವಿಡಿಯೋ ಗಡಿಯಾರ ನಾನು ಬದಲಾಯಿಸ್ಬಿಟ್ಟೆ."

ಅವರು ಮೂಳೆಯಿಂದ ಮಾಂಸ ಬಿಡಿಸಿ ನನ್ನ ಮುಂದಿಟ್ಟರು. "ಮಧ್ಯಾಹ್ನ ತಾನೆ?"

"ಹೌದು."

"ಮಗ್ರಿಬ್‌ಗೆ ಮನೆಗೆ ಬಂದು ನಾನು ಪ್ಲಗ್ ಕಿತ್ತು ಹಾಕಿದೆ, ಅಳಿಸಿಹೋದ ರೆಕಾರ್ಡಿನ ಗಂಟೇನೂ ಹೊಸದಾಗಿ ಇಟ್ಟೆ. ನಿನ್ನ ಟೈಮು ಎಲ್ಲಿ ಹೋಯ್ತೋ ನಂಗೊತ್ತಿಲ್ಲ. ಊಟ ಮಾಡು."

ಮರುದಿನ ಬೆಳಗ್ಗೆ ಬೇಯಿಸಿದ ಕಾಳಿನ ಫೂಲ್, ರೊಟ್ಟಿ, ಚಹಾ ಮುಗಿಸಿ ಎಲ್ಲರೂ ಟೀವಿ ಮುಂದೆ ಕೂತೆವು. ಕಾರ್ಯಕ್ರಮ ಒಂದು ಮಾತೂ ತಪ್ಪದೆ ಬಂದಿತ್ತು. ನಾಲ್ಕನೇ ಮಹಡಿಯ ಹೊರಗೆ ಒಂದೇ ಒಂದು ಹಲಗೆ, ಅದರ ಮೇಲೆ ಮಾವ. ಸೊಂಟಕ್ಕೆ ಹಗ್ಗವಿಲ್ಲ. ಕೆಳಗೆ ಬೀದಿಯಲ್ಲಿ ಜನ ಗುಬ್ಬಿಯಷ್ಟು ಕಾಣುತ್ತಿದ್ದರು. ಅತ್ತೆ ಗಂಡನ ಕಡೆ ತಿರುಗಿದರು.

"ರೀ, ಕೂತ್ಕೊಂಡು ಕೆತ್ತೋ ಕೆಲಸ ಅಂದಿದ್ರಿ."

"ಕೆತ್ತೋದು ಕೂತ್ಕೊಂಡೇ ಕಣೇ. ಕೂರಿಸೋದು ಮೇಲೆ."

"ಇಷ್ಟು ವರ್ಷ ದಿನಾ ಹೀಗೇನಾ?"

ಚಿತ್ರದಲ್ಲಿ ಮಾವ ಮೊಳೆ ಹೊಡೆಯಲು ಹಲಗೆಯಿಂದಾಚೆಗೆ ಬಾಗಿದರು. ಅತ್ತೆ ಪಕ್ಕದಲ್ಲಿದ್ದ ಗಂಡನ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಇಲ್ಲೇ ಇದೀನಲ್ಲೇ," ಎಂದರು ಮಾವ.

"ಸುಮ್ನಿರಿ, ಬೀಳ್ತೀರಿ," ಎಂದರು ಅತ್ತೆ, ಟೀವಿಯಿಂದ ಕಣ್ಣು ತೆಗೆಯದೆ. ಚಿತ್ರದಲ್ಲಿದ್ದ ಮುದುಕ ಕಿಟಕಿಯೊಳಗೆ ಇಳಿದು ನಿಂತ ಮೇಲೇ ಅವರು ತೋಳು ಬಿಟ್ಟದ್ದು.